ಟ್ರೇಡಿಂಗ್ ಸಿಸ್ಟಮ್ ಕೆಟ್ಟಿದೆಯಾ, ಕೆಟ್ಟ ದಿನಗಳಾ? ಅಳೆಯುವ ಬಗೆ

ಟ್ರೇಡಿಂಗ್ ಸಿಸ್ಟಮ್, ಅಂದರೆ ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು ಅನ್ನುವ ನಿಯಮಗಳ ಕಟ್ಟು, ಮಾಡಿಕೊಂಡವರು ಮೊದಲು ಕೇಳುವ ಪ್ರಶ್ನೆ: ಈ ತಿಂಗಳು ಲಾಭ ಬಂತಾ? ನಾನೂ ಬಹಳ ದಿನ ಇದನ್ನೇ ಕೇಳಿಕೊಳ್ಳುತ್ತಿದ್ದೆ. ಈಗ ಕೇಳುವುದು ಬೇರೆ. ಹಳೆಯ ಬೆಲೆಗಳ ಮೇಲೆ ಮಾಡಿದ ಪರೀಕ್ಷೆಯಲ್ಲಿ (ಬ್ಯಾಕ್‌ಟೆಸ್ಟ್) ಸಿಸ್ಟಮ್ ಹೇಗೆ ನಡೆದಿತ್ತೋ, ಈಗಲೂ ಹಾಗೇ ನಡೆಯುತ್ತಿದೆಯಾ? ಲಾಭದ ತಿಂಗಳಲ್ಲೂ ಸಿಸ್ಟಮ್ ಹದಗೆಟ್ಟಿರಬಹುದು. ನಷ್ಟದ ತಿಂಗಳಲ್ಲೂ ಆರೋಗ್ಯವಾಗಿರಬಹುದು. ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ಮೊದಲು ಅಳತೆಗೋಲು. ಒಂದು ಟ್ರೇಡ್‌ನಲ್ಲಿ ಸ್ಟಾಪ್‌ಲಾಸ್ (ಇಷ್ಟು ನಷ್ಟವಾದರೆ ಹೊರಬರಬೇಕು ಅಂತ ಮೊದಲೇ ಇಟ್ಟ ಬೆಲೆ) ತಗುಲಿದರೆ ಎಷ್ಟು ಹೋಗುತ್ತದೋ ಅದನ್ನು 1 ಆರ್ ಅನ್ನುತ್ತಾರೆ. ಲಾಭವನ್ನೂ ಆರ್ ಲೆಕ್ಕದಲ್ಲೇ ಬರೆಯಿರಿ. ಆಗ ಬಂಡವಾಳ ಚಿಕ್ಕದಿರಲಿ, ದೊಡ್ಡದಿರಲಿ, ಟ್ರೇಡ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು.

ಒಂದು ಸಿಸ್ಟಮ್ 100ರಲ್ಲಿ 40 ಸಲ ಗೆಲ್ಲುತ್ತದೆ, ಗೆದ್ದಾಗ 2 ಆರ್ ಕೊಡುತ್ತದೆ, ಸೋತಾಗ 1 ಆರ್ ಕಳೆಯುತ್ತದೆ ಅಂದುಕೊಳ್ಳಿ. 0.4 ಗುಣಿಸು 2, ಅಂದರೆ 0.8. ಅದರಿಂದ ಸೋಲಿನ 0.6 ಕಳೆದರೆ ಉಳಿಯುವುದು 0.2 ಆರ್. ಪ್ರತಿ ಟ್ರೇಡ್‌ಗೆ ಸರಾಸರಿ ಸಿಗುವುದು ಇಷ್ಟು. ಇದೇ ಎಕ್ಸ್‌ಪೆಕ್ಟೆನ್ಸಿ. ಈಗ ಬ್ರೋಕರೇಜ್ 0.05 ಆರ್, ಸ್ಲಿಪೇಜ್ (ಅಂದುಕೊಂಡ ಬೆಲೆಗೂ ಸಿಕ್ಕ ಬೆಲೆಗೂ ಇರುವ ವ್ಯತ್ಯಾಸ) 0.05 ಆರ್ ಹಿಡಿಯಿರಿ. ನೋಡಲು ಚಿಲ್ಲರೆ ಖರ್ಚು. ಆದರೆ ಲಾಭದ ಅರ್ಧ ಅಲ್ಲೇ ಹೋಯಿತು! ಖರ್ಚು ಸೇರಿಸದ ಬ್ಯಾಕ್‌ಟೆಸ್ಟ್ ಅನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಮುಂದಿನ ಭಾಗದಲ್ಲಿ, ಹಾಗಾಗಿ ನಿಧಾನವಾಗಿ ನೋಡೋಣ. ಖರ್ಚನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಸರಾಸರಿ 0.2 ಆರ್ ಅಂದರೆ 100 ಟ್ರೇಡ್‌ಗೆ 20 ಆರ್ ಬರಬೇಕು, ಅಲ್ವಾ? ಆದರೆ ಒಂದೊಂದು ಟ್ರೇಡೂ +2 ಇಲ್ಲವೇ −1, ನಡುವೆ ಏನೂ ಇಲ್ಲ. ಈ ಏರಿಳಿತದ ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಸರಿಯುತ್ತದೆ ಅನ್ನುವ ಅಳತೆ, ಒಂದು ಟ್ರೇಡ್‌ಗೆ ಸುಮಾರು 1.47 ಆರ್. 100 ಟ್ರೇಡ್ ಸೇರಿದಾಗ ಅದನ್ನು 100ರ ವರ್ಗಮೂಲದಿಂದ, ಅಂದರೆ 10ರಿಂದ, ಗುಣಿಸಬೇಕು. ಸುಮಾರು 14.7 ಆರ್ ಆಯಿತು. 20ರಿಂದ ಎರಡೂ ಕಡೆಗೆ ಇದರ ಎರಡು ಪಟ್ಟು ಹೋದರೆ −9 ಆರ್‌ನಿಂದ +49 ಆರ್‌ವರೆಗೆ ಬರುತ್ತದೆ. ಇಷ್ಟರೊಳಗೆ ಎಲ್ಲಿ ನಿಂತರೂ, ಅದೊಂದರಿಂದಲೇ ಸಿಸ್ಟಮ್ ಕೆಟ್ಟಿದೆ ಅನ್ನಲು ಆಗುವುದಿಲ್ಲ. ನಿಜವಾಗಿ ಒಳ್ಳೆಯ ಸಿಸ್ಟಮ್ ಕೂಡ 100 ಟ್ರೇಡ್ ಮುಗಿದಾಗ ನಷ್ಟದಲ್ಲಿರಬಹುದು. ಅದೇ 400 ಟ್ರೇಡ್ ಆದಾಗ ಹರವು ಸುಮಾರು +21ರಿಂದ +139. ಆಗಲೂ ಇದು ನಷ್ಟದಲ್ಲಿದ್ದರೆ ನಿಜವಾಗಿ ಯೋಚಿಸಬೇಕು.

ಇದರ ಜೊತೆಗೆ ಸಾಲು ಸೋಲುಗಳ ಲೆಕ್ಕವನ್ನೂ ಇಟ್ಟುಕೊಳ್ಳಿ. ಇದೇ ಸಿಸ್ಟಮ್‌ನಲ್ಲಿ 200 ಟ್ರೇಡ್ ಮಾಡಿದರೆ, ಎಲ್ಲೋ ಒಂದು ಕಡೆ ಸತತ 8 ಸೋಲು ಬರುವ ಸಾಧ್ಯತೆ 70%ಕ್ಕೂ ಜಾಸ್ತಿ. ನಾನು ಒಂದು ಸಿಸ್ಟಮ್ ಅನ್ನು ಏಳನೇ ಸೋಲಿಗೆ ನಿಲ್ಲಿಸಿದ್ದೆ. ಈ ಲೆಕ್ಕ ಆಗ ಕೈಯಲ್ಲಿದ್ದಿದ್ದರೆ ನಿಲ್ಲಿಸುತ್ತಿರಲಿಲ್ಲ.

ಇನ್ನು ಡ್ರಾಡೌನ್. ಖಾತೆ ಮುಟ್ಟಿದ ಎತ್ತರದಿಂದ ಎಷ್ಟು ಕೆಳಗೆ ಇಳಿಯಿತು ಅನ್ನುವುದು. 20% ಇಳಿದರೆ ಮತ್ತೆ ಅಲ್ಲಿಗೆ ಬರಲು 25% ಏರಬೇಕು, 50% ಇಳಿದರೆ 100%. ಬ್ಯಾಕ್‌ಟೆಸ್ಟ್‌ನಲ್ಲಿ ಕಂಡ ಅತಿ ದೊಡ್ಡ ಡ್ರಾಡೌನ್ ಅನ್ನೇ ಮಿತಿ ಅಂದುಕೊಳ್ಳುವುದು ದೊಡ್ಡ ತಪ್ಪು. ಅದು ಟ್ರೇಡ್‌ಗಳು ಬಂದ ಒಂದು ಸಾಲಿನ ಕಥೆ ಮಾತ್ರ. ಅದೇ ಟ್ರೇಡ್‌ಗಳನ್ನು ಇಸ್ಪೀಟ್ ಎಲೆಗಳ ಹಾಗೆ ಸಾವಿರ ಸಲ ಕಲಸಿ, ಪ್ರತಿ ಸಲದ ಡ್ರಾಡೌನ್ ಬರೆದುಕೊಳ್ಳಿ. ಇದೇ ಮಾಂಟೆ ಕಾರ್ಲೊ ಪರೀಕ್ಷೆ. ಸಾವಿರದಲ್ಲಿ 950 ಸಲ ಯಾವ ಮಟ್ಟ ದಾಟಲಿಲ್ಲವೋ, 990 ಸಲ ಯಾವುದನ್ನು ದಾಟಲಿಲ್ಲವೋ, ಆ ಎರಡು ಸಂಖ್ಯೆ ಮುಂದೆ ಬೇಕಾಗುತ್ತವೆ. ಒಂದು ಮಾತು ನೆನಪಿರಲಿ: ಕಲಸಿದಾಗ ಸೋಲುಗಳು ಗುಂಪಾಗಿ ಬರುವ ಗುಣ ಕಳೆದುಹೋಗುತ್ತದೆ. ಹಾಗಾಗಿ ಸಿಕ್ಕ ಸಂಖ್ಯೆಗೆ ಸ್ವಲ್ಪ ಜಾಸ್ತಿಯೇ ಸೇರಿಸಿಕೊಳ್ಳಿ.

ಶಾರ್ಪ್ ರೇಶಿಯೋ ಎಲ್ಲರಿಗೂ ಗೊತ್ತಿರುವುದೇ. ವಿಲಿಯಂ ಶಾರ್ಪ್ 1966ರಲ್ಲಿ ಕೊಟ್ಟ ಅಳತೆ. ಅಪಾಯವಿಲ್ಲದೆ ಸಿಗುವ ಬಡ್ಡಿಗಿಂತ ಜಾಸ್ತಿ ಬಂದ ಲಾಭವನ್ನು ಏರಿಳಿತದಿಂದ ಭಾಗಿಸುತ್ತಾರೆ. ಉಪಯೋಗಕ್ಕೆ ಬರುತ್ತದೆ, ಆದರೆ ಇದೊಂದನ್ನೇ ನಂಬಬೇಡಿ. ಚಿಕ್ಕ ಚಿಕ್ಕ ಲಾಭ ದಿನಾ ಬಂದು, ಅಪರೂಪಕ್ಕೆ ಒಮ್ಮೆ ಎಲ್ಲವನ್ನೂ ಗುಡಿಸಿಕೊಂಡು ಹೋಗುವ ಸಿಸ್ಟಮ್‌ಗಳಲ್ಲಿ ಆ ಒಂದು ದಿನ ಬರುವವರೆಗೆ ಶಾರ್ಪ್ ತುಂಬಾ ಚೆನ್ನಾಗಿ ಕಾಣುತ್ತದೆ. ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ 1995 ಮತ್ತು 1996ರಲ್ಲಿ ವರ್ಷಕ್ಕೆ 40%ಕ್ಕೂ ಜಾಸ್ತಿ ಲಾಭ ಕೊಟ್ಟ ಫಂಡ್. 1998ರಲ್ಲಿ ಕೆಲವೇ ತಿಂಗಳಲ್ಲಿ 400 ಕೋಟಿ ಡಾಲರ್‌ಗೂ ಜಾಸ್ತಿ ಕಳೆದುಕೊಂಡಿತು.

ಬ್ಯಾಕ್‌ಟೆಸ್ಟ್ ಮೋಸ ಮಾಡುವ ದಾರಿಗಳು ಹಲವು. ಆ ದಿನ ಗೊತ್ತೇ ಇಲ್ಲದ ಡೇಟಾ ಬಳಸುವುದು ಒಂದು, ಮುಚ್ಚಿಹೋದ ಕಂಪನಿಗಳನ್ನು ಪಟ್ಟಿಯಿಂದ ಬಿಡುವುದು ಇನ್ನೊಂದು. ನನಗೆ ಹೆಚ್ಚು ಭಯ ಮೂರನೆಯದ್ದು. ಏನೂ ಸಾರವಿಲ್ಲದ 100 ನಿಯಮ ಪರೀಕ್ಷಿಸಿದರೂ, 5% ಮಟ್ಟದ ಪರೀಕ್ಷೆಯಲ್ಲಿ ಸುಮಾರು 5 ಸುಮ್ನೆ ಅದೃಷ್ಟದಿಂದ ಪಾಸಾಗುತ್ತವೆ. ಆದ್ದರಿಂದ ಎಷ್ಟು ನಿಯಮ ಪ್ರಯತ್ನಿಸಿದಿರಿ ಅಂತಲೂ ಬರೆದಿಡಿ. ಡೇಟಾದ ಒಂದು ಭಾಗವನ್ನು ಕೊನೆಯವರೆಗೆ ಮುಟ್ಟದೆ ಇಡಿ.

ಇಷ್ಟಾದ ಮೇಲೆ ಸಿಸ್ಟಮ್ ನಿಜವಾದ ಹಣದಲ್ಲಿ ಓಡುತ್ತದೆ. ಆಗ ದಿನಾ ಏನು ನೋಡಬೇಕು? ಎಕ್ಸ್‌ಪೆಕ್ಟೆನ್ಸಿ ಬದಲಾಗಿದೆ ಅಂತ ತಿಳಿಯಲು ನೂರಾರು ಟ್ರೇಡ್ ಬೇಕು ಅಂತ ಈಗಷ್ಟೇ ನೋಡಿದೆವು. ಅಷ್ಟು ಕಾಯಲು ಆಗುವುದಿಲ್ಲ. ಹಾಗಾಗಿ ಬೇಗ ಮಾತಾಡುವ ಸಂಖ್ಯೆಗಳನ್ನು ಹಿಡಿಯಬೇಕು. ಸಿಸ್ಟಮ್ ಹೇಳಿದ ಬೆಲೆ ಒಂದು ಕಾಲಂ, ಸಿಕ್ಕ ಬೆಲೆ ಇನ್ನೊಂದು ಕಾಲಂ. ಸ್ಲಿಪೇಜ್‌ನ ಏರಿಳಿತ ಸಾಮಾನ್ಯವಾಗಿ ಲಾಭ ನಷ್ಟದಷ್ಟು ಇರುವುದಿಲ್ಲ, ಕೆಲವು ಡಜನ್ ಟ್ರೇಡ್‌ಗಳಲ್ಲೇ ಚಿತ್ರ ಸಿಗುತ್ತದೆ. ವಾರಕ್ಕೆ ಎಷ್ಟು ಸಿಗ್ನಲ್ (ಕೊಳ್ಳು, ಮಾರು ಅನ್ನುವ ಸೂಚನೆ) ಬಂತು, ಎಷ್ಟು ತಪ್ಪಿತು ಅಂತಲೂ ಬರೆಯಿರಿ. ವಾರಕ್ಕೆ 10 ಬರುತ್ತಿದ್ದ ಸಿಗ್ನಲ್ 3ಕ್ಕೆ ಇಳಿದರೆ ಮೊದಲು ಡೇಟಾ ನೋಡಿ, ಮಾರುಕಟ್ಟೆಯನ್ನು ಆಮೇಲೆ.

ತಾಂತ್ರಿಕ ಕಡೆಯನ್ನು ಹಗುರವಾಗಿ ನೋಡಬೇಡಿ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಕಂಪನಿಯಲ್ಲಿ 8 ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ. ಅದರೊಳಗಿದ್ದ ಹಳೆಯ ಕೋಡ್ ಎದ್ದು ಆರ್ಡರ್ ಹಾಕತೊಡಗಿತು. ಸುಮಾರು 45 ನಿಮಿಷದಲ್ಲಿ ಹೋಗಿದ್ದು 40 ಕೋಟಿ ಡಾಲರ್‌ಗೂ ಜಾಸ್ತಿ. ಮಾರುಕಟ್ಟೆ ತೆರೆಯುವ ಮೊದಲೇ ಕಂಪನಿಯ ಸಿಸ್ಟಮ್ 97 ಇಮೇಲ್ ಕಳಿಸಿತ್ತು, ಅವುಗಳನ್ನು ಎಚ್ಚರಿಕೆ ಅಂತ ಯಾರೂ ನೋಡಲಿಲ್ಲ. ನಿಮ್ಮ ಸಿಸ್ಟಮ್ ಚಿಕ್ಕದಾದರೂ, ದಿನಕ್ಕೆ ಇಷ್ಟೇ ಆರ್ಡರ್, ಇಷ್ಟೇ ನಷ್ಟ, ಆಮೇಲೆ ತಾನೇ ನಿಲ್ಲಬೇಕು ಅನ್ನುವ ಮಿತಿ ಅದರೊಳಗೇ ಇರಲಿ.

ಕೊನೆಗೆ ನಿಲ್ಲಿಸುವ ನಿಯಮ. ಇದನ್ನು ಮೊದಲ ಟ್ರೇಡ್‌ಗೆ ಮುಂಚೆಯೇ ಬರೆಯಬೇಕು. ನಷ್ಟದ ನಡುವೆ ಕೂತು ಬರೆದರೆ ಕೈ ನಡುಗುತ್ತದೆ. ನನ್ನದು ಹೀಗಿದೆ: ಕಲಸಿ ನೋಡಿದ ಸಾವಿರದಲ್ಲಿ 950 ಸಲ ದಾಟದ ಡ್ರಾಡೌನ್ ದಾಟಿದರೆ ಟ್ರೇಡ್ ಗಾತ್ರ ಅರ್ಧ. 990ರ ಮಟ್ಟ ದಾಟಿದರೆ ಪೂರ್ತಿ ನಿಲುಗಡೆ. ಸ್ಲಿಪೇಜ್ ಎಕ್ಸ್‌ಪೆಕ್ಟೆನ್ಸಿಯ ಅರ್ಧ ತಿಂದರೂ ನಿಲುಗಡೆ, ಆ ತಿಂಗಳು ಲಾಭವಿದ್ದರೂ ಸರಿ. ನಿಲ್ಲಿಸಿದ ಮೇಲೂ ಸಿಗ್ನಲ್‌ಗಳನ್ನು ಹಾಳೆಯ ಮೇಲೆ ಬರೆಯುತ್ತಲೇ ಇರುತ್ತೇನೆ. ಮತ್ತೆ ಶುರು ಮಾಡಬೇಕಾ ಅಂತ ನಿರ್ಧರಿಸುವಾಗ ಕೈಯಲ್ಲಿರುವುದು ಆ ಹಾಳೆ ಮಾತ್ರ.