ಆಸರೆಯ ವೇಗವರ್ಧಕ

ಕ್ರಿಯೆಗೆ ವೇಗ ಕೊಡುವ ಲೋಹವನ್ನು ದ್ರಾವಣದಲ್ಲಿ ಕರಗಿಸಿಬಿಡದೆ, ಸಿಲಿಕಾ ಕಣದಂಥ ಕರಗದ ವಸ್ತುವಿನ ಮೈಗೆ ಕಟ್ಟಿಹಾಕಿದರೆ ಅದು ಆಸರೆಯ ವೇಗವರ್ಧಕ. ಕೆಲಸ ಮುಗಿದ ಮೇಲೆ ಸೋಸಿ ತೆಗೆದು ಮತ್ತೆ ಬಳಸಬಹುದು. ಪೆಟ್ರೋಲಿಯಂ ಸಂಸ್ಕರಣೆಯಲ್ಲಿ ಇದು ಹಳೆಯ ಉಪಾಯ. ಆದರೆ ಪಾಲಿಮರ್ (ಮೊನೊಮರ್ ಎಂಬ ಪುಟ್ಟ ಅಣುಗಳು ಸರಪಳಿಯಂತೆ ಕೂಡಿದ ಉದ್ದ ಅಣು) ತಯಾರಿಸುವ ಒಂದು ವಿಧಾನದಲ್ಲಿ ಇದು ರಸಾಯನಶಾಸ್ತ್ರಜ್ಞರನ್ನು ಬಹಳ ಸತಾಯಿಸಿತು.

ಆ ವಿಧಾನ ಪರಮಾಣು ವರ್ಗಾವಣೆ ರ್‍ಯಾಡಿಕಲ್ ಪಾಲಿಮರೀಕರಣ, ಚಿಕ್ಕದಾಗಿ ಎಟಿಆರ್‌ಪಿ. ರ್‍ಯಾಡಿಕಲ್ ಎಂದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಚುರುಕಾದ ಅಣು. 1995ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮತ್ಯಾಶೆವ್‌ಸ್ಕಿ ತಾಮ್ರದಿಂದ, ಜಪಾನಿನ ಕ್ಯೋಟೋದಲ್ಲಿ ಸವಾಮೊತೊ ರುಥೇನಿಯಂನಿಂದ ಈ ವಿಧಾನವನ್ನು ಬೇರೆ ಬೇರೆಯಾಗಿ ಸಾಧಿಸಿ ತೋರಿಸಿದರು. ಸಾಮಾನ್ಯ ರ್‍ಯಾಡಿಕಲ್ ಪಾಲಿಮರೀಕರಣದಲ್ಲಿ ಸರಪಳಿಗಳಿಗೆ ಲಗಾಮಿಲ್ಲ. ಒಂದು ಉದ್ದ, ಒಂದು ಗಿಡ್ಡ. ಇಲ್ಲಿ ತಾಮ್ರ ಸರಪಳಿಯ ತುದಿಯ ಬ್ರೋಮಿನ್ ಪರಮಾಣುವನ್ನು ಕಿತ್ತುಕೊಂಡು ಸರಪಳಿಯನ್ನು ಎಬ್ಬಿಸುತ್ತದೆ, ಅಂದರೆ ರ್‍ಯಾಡಿಕಲ್ ಆಗಿಸಿ ಬೆಳೆಯಲು ಬಿಡುತ್ತದೆ, ಕೆಲವೇ ಮೊನೊಮರ್ ಸೇರುವಷ್ಟರಲ್ಲಿ ಬ್ರೋಮಿನ್ ಮರಳಿಸಿ ಮಲಗಿಸುತ್ತದೆ. ಹೀಗೆ ಎದ್ದು ಮಲಗುತ್ತ ಎಲ್ಲ ಸರಪಳಿಗಳೂ ಹೆಚ್ಚುಕಡಿಮೆ ಒಂದೇ ಅಳತೆಗೆ ಬೆಳೆಯುತ್ತವೆ. ನನಗೆ ಇದು ಆಧುನಿಕ ರಸಾಯನಶಾಸ್ತ್ರದ ಅತಿ ಸುಂದರ ಕಲ್ಪನೆಗಳಲ್ಲೊಂದು.

ಮೊದಮೊದಲು ಇದಕ್ಕೆ ತಾಮ್ರ ಬಹಳ ಬೇಕಿತ್ತು, ಎಷ್ಟೋ ಸಲ ಸರಪಳಿಗೊಂದು ಪರಮಾಣುವಿನಷ್ಟು. ಪಾಲಿಮರ್‌ಗೆ ಹಸಿರು ಬಣ್ಣ ಅಂಟಿಕೊಳ್ಳುತ್ತಿತ್ತು, ಅಲ್ಯುಮಿನಾ ಪುಡಿ ತುಂಬಿದ ಕಂಬದಲ್ಲಿ ಹಾಯಿಸಿ ತೆಗೆಯಬೇಕಾಗುತ್ತಿತ್ತು. ಹಾಗಾದರೆ ತಾಮ್ರವನ್ನು ಸಿಲಿಕಾಕ್ಕೋ ಪಾಲಿಸ್ಟೈರೀನ್ ಮಣಿಗೋ ಕಟ್ಟಿಬಿಡೋಣ ಎಂಬ ಯೋಚನೆ ಸಹಜವೇ.

ತೊಡಕು ಇರುವುದು ಮಲಗಿಸುವ ಹಂತದಲ್ಲಿ. ಎದ್ದ ಸರಪಳಿ ಬ್ರೋಮಿನ್ ಪಡೆಯಲು ಕಣದ ಮೈವರೆಗೆ ಬರಬೇಕು. ಉಂಡೆಯಾಗಿ ಸುತ್ತಿಕೊಂಡ ಪಾಲಿಮರ್ ಅಣು ನಿಧಾನವಾಗಿ ಚಲಿಸುತ್ತದೆ. ಅಷ್ಟರಲ್ಲಿ ಅದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಮೊನೊಮರ್ ಸೇರಿಹೋಗಿರುತ್ತದೆ. ಲೋಹವನ್ನು ಹಿಡಿದಿಟ್ಟೆವು, ಅಳತೆಯ ಹಿಡಿತ ತಪ್ಪಿತು. ತಾಮ್ರವನ್ನು ಪಾಲಿಎಥಿಲೀನ್ ಗ್ಲೈಕಾಲ್‌ನ ಬಳುಕುವ ಎಳೆಯ ತುದಿಗೆ ಕಟ್ಟಿ ಅದಕ್ಕೆ ಓಡಾಡಲು ಸ್ವಲ್ಪ ಜಾಗ ಕೊಡುವುದು ಒಂದು ಪರಿಹಾರ. ಇನ್ನೂ ಜಾಣ ಉಪಾಯವೆಂದರೆ ಅತ್ಯಲ್ಪ ತಾಮ್ರವನ್ನು ಬೇಕೆಂದೇ ಕರಗಿಸಿಡುವುದು: ಅದು ಕಣದ ಮೇಲಿನ ತಾಮ್ರದಿಂದ ಬ್ರೋಮಿನ್ ಹೊತ್ತು ತಂದು ಸರಪಳಿಗೆ ಮುಟ್ಟಿಸುತ್ತದೆ. ಕಬ್ಬಿಣದ ಆಕ್ಸೈಡ್ ಕಣಗಳನ್ನು ಆಸರೆಯಾಗಿಸಿದರೆ ಸೋಸುವುದೂ ಬೇಡ, ಅಯಸ್ಕಾಂತ ಸಾಕು.

‘ಮರುಬಳಕೆ’ ಎಂಬ ಮಾತನ್ನೂ ಎಚ್ಚರದಿಂದ ಓದಬೇಕು. ಎರಡು ಸರಪಳಿಗಳು ಪರಸ್ಪರ ಡಿಕ್ಕಿ ಹೊಡೆದು ಮುಗಿದಾಗಲೆಲ್ಲ ಒಂದಿಷ್ಟು ತಾಮ್ರ ಬ್ರೋಮಿನ್ ಹಿಡಿದುಕೊಂಡೇ ಉಳಿಯುತ್ತದೆ. ಅದಕ್ಕೆ ಯಾರನ್ನೂ ಎಬ್ಬಿಸುವ ಶಕ್ತಿಯಿಲ್ಲ. ಹಾಗಾಗಿ ಮುಂದಿನ ಸರದಿಗೆ ಮೊದಲು ಅಪಕರ್ಷಕ (ಎಲೆಕ್ಟ್ರಾನ್ ಕೊಡುವ ವಸ್ತು) ಬೆರೆಸಿ ಅದನ್ನು ಚೇತರಿಸಬೇಕು. ಕಟ್ಟು ಬಿಚ್ಚಿ ಲೋಹ ಸೋರಿಹೋಗಿದೆಯೇ ಎಂದು ತಿಳಿಯಲು ಸರಳ ಪರೀಕ್ಷೆಯಿದೆ: ಕ್ರಿಯೆ ಅರ್ಧಕ್ಕೆ ಬಂದಾಗ ಕಣಗಳನ್ನು ಬಿಸಿಯಲ್ಲೇ ಸೋಸಿ, ಉಳಿದ ದ್ರವವನ್ನು ಗಮನಿಸುವುದು. ಪಾಲಿಮರ್ ಇನ್ನೂ ಬೆಳೆಯುತ್ತಲೇ ಇದ್ದರೆ, ತಾಮ್ರ ಆಸರೆ ಬಿಟ್ಟಿರುವ ಅನುಮಾನ ಬಲವಾಗುತ್ತದೆ.