ಸೋಪಿನ ಮನೆಯ ಮೇಯೊನೀಸ್

ಆಹಾರ ತಂತ್ರಜ್ಞಾನ ಓದುವ ಹುಡುಗರಿಗೆ ಪಾಠ ಮಾಡಲು ಹೋದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. "ಮೇಡಂ, ಸೋಪು ಮಾಡೋ ಕಂಪನಿಗೆ ಐಸ್‌ಕ್ರೀಮ್ ಯಾಕೆ ಬೇಕಿತ್ತು?" ಅವರು ಕೇಳುವುದು ಯೂನಿಲಿವರ್ ಬಗ್ಗೆ. ದುಡ್ಡಿತ್ತು, ಕೊಂಡರು ಅಂತ ಹೇಳಿ ಮುಗಿಸಬಹುದು. ಆದರೆ ಎಣ್ಣೆ-ನೀರು ಕೂಡಿಸುವುದೇ ನನ್ನ ಕಸುಬು. ನನ್ನ ಕಣ್ಣಿಗೆ ಆ ಕಂಪನಿಯ ಕಥೆ ಜಿಡ್ಡಿನ ಕಥೆಯಾಗಿಯೇ ಕಾಣುತ್ತದೆ.

1869ರಲ್ಲಿ ಫ್ರಾನ್ಸಿನ ಮೆಜ್ ಮೂರಿಯೆ ಅನ್ನುವ ರಸಾಯನಶಾಸ್ತ್ರಜ್ಞ ದನದ ಕೊಬ್ಬು, ಹಾಲು ಸೇರಿಸಿ ಬೆಣ್ಣೆಗೊಂದು ಅಗ್ಗದ ಬದಲಿ ಕಂಡುಹಿಡಿದ. ಅದೇ ಮಾರ್ಗರೀನ್. ನೆದರ್ಲೆಂಡ್ಸ್‌ನ ಓಸ್ ಊರಿನ ಬೆಣ್ಣೆ ವ್ಯಾಪಾರಿಗಳು ಅದರ ಹಿಂದೆ ಬಿದ್ದರು. ಯುರ್ಗೆನ್ಸ್ ಒಂದು ಮನೆತನ, ವಾನ್ ಡೆನ್ ಬೆರ್ಗ್ ಇನ್ನೊಂದು. ವರ್ಷಗಟ್ಟಲೆ ಪೈಪೋಟಿ ನಡೆಸಿ ಕೊನೆಗೆ 1927ರಲ್ಲಿ ಒಂದಾಗಿ ಮಾರ್ಗರೀನ್ ಯೂನಿ ಆದರು. ಅತ್ತ ಇಂಗ್ಲೆಂಡಿನಲ್ಲಿ 1885ರಲ್ಲಿ ಶುರುವಾದ ಲೀವರ್ ಬ್ರದರ್ಸ್ ಸನ್‌ಲೈಟ್ ಸೋಪು ಮಾರಿ ದೊಡ್ಡದಾಗಿತ್ತು. ಸೋಪಿಗೂ ಬೇಕಾದದ್ದು ಎಣ್ಣೆ, ಕೊಬ್ಬು. ಮಾರ್ಗರೀನಿಗೂ ಅದೇ. ತಾಳೆ ಎಣ್ಣೆಗೆ ಇಬ್ಬರದೂ ಕಿತ್ತಾಟ. ತಿಮಿಂಗಿಲದ ಎಣ್ಣೆಯನ್ನೂ ಗಟ್ಟಿ ಮಾಡಿ ಇವೆರಡಕ್ಕೂ ಬಳಸುತ್ತಿದ್ದ ಕಾಲ ಅದು. ಹೀಗೆ ಒಬ್ಬರ ಕಚ್ಚಾ ಮಾಲಿಗೆ ಇನ್ನೊಬ್ಬರು ಬೆಲೆ ಏರಿಸುತ್ತಾ ಕೂರುವುದಕ್ಕಿಂತ ಕೂಡಿಕೊಳ್ಳುವುದೇ ವಾಸಿ, ಅಲ್ವಾ? 1929ರ ಸೆಪ್ಟೆಂಬರ್ 2ರಂದು ಒಪ್ಪಂದವಾಯಿತು. ಯೂನಿ ಮತ್ತು ಲೀವರ್ ಸೇರಿ ಯೂನಿಲಿವರ್.

ನಾವು ಆಗದವರನ್ನು ಎಣ್ಣೆ-ಸೀಗೆಕಾಯಿ ಅನ್ನುತ್ತೇವೆ. ಎಣ್ಣೆ-ನೀರಿನದೂ ಅದೇ ಪಾಡು. ಎರಡನ್ನೂ ಕೂಡಿಸಲು ಮಧ್ಯಸ್ಥ ಬೇಕು. ಒಂದು ತುದಿಗೆ ನೀರು ಇಷ್ಟ, ಇನ್ನೊಂದಕ್ಕೆ ಜಿಡ್ಡು ಇಷ್ಟ, ಅಂಥ ಅಣು. ಸೋಪು ಕೊಳೆ ತೆಗೆಯುವುದು ಹೀಗೇ. ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ ಮಾಡುವುದೂ ಇದನ್ನೇ. ಮಾರ್ಗರೀನಿನಲ್ಲಿ ಶೇ 80ರಷ್ಟು ಜಿಡ್ಡು, ಅದರೊಳಗೆ ನೀರಿನ ಹನಿ. ಮೇಯೊನೀಸಿನಲ್ಲಿ ಉಲ್ಟಾ. ಸಾಂಪ್ರದಾಯಿಕ ಮೇಯೊನೀಸಿನಲ್ಲೂ ಶೇ 75-80ರಷ್ಟು ಎಣ್ಣೆಯೇ ಇರುತ್ತದೆ. ಆದರೂ ಹೊರಗಿರುವುದು ನೀರು. ಆ ಚೂರು ನೀರಿನಲ್ಲಿ ಎಣ್ಣೆ ಹನಿಗಳು ದಾಳಿಂಬೆ ಕಾಳಿನ ಹಾಗೆ ಒತ್ತೊತ್ತಾಗಿ ಕೂತಿರುತ್ತವೆ. ಅದು ಚಮಚದಲ್ಲಿ ನಿಲ್ಲುವುದು ಆ ಒತ್ತಡದಿಂದ. ಬೇರೆ ಯಾವ ಅಂಟೂ ಬೇಕಿಲ್ಲ.

ಇದು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ. ಮೊದಲ ಕೆಲಸದಲ್ಲಿ ನಲವತ್ತು ಕಿಲೋ ಮೇಯೊನೀಸ್ ಒಡೆದು ಹಾಕಿದ್ದೆ. ಊಟಕ್ಕೆ ಹೋಗುವ ಆತುರ. ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುವ ಬದಲು ನಲ್ಲಿ ಪೂರ್ತಿ ತಿರುಗಿಸಿಬಿಟ್ಟೆ. ಎರಡು ನಿಮಿಷ ಎಲ್ಲ ಚೆನ್ನಾಗೇ ಕಂಡಿತು. ಆಮೇಲೆ ಮಿಕ್ಸರಿನ ಸದ್ದು ಬದಲಾಯಿತು. ಗಟ್ಟಿ ಮಾಲು ತಿರುಗಿಸುವ ಭಾರದ ಸದ್ದು ಹೋಗಿ ಚಳಚಳ ಅನ್ನತೊಡಗಿತು. ಇಣುಕಿದರೆ ಹಳದಿ ಎಣ್ಣೆಯಲ್ಲಿ ಮೊಸರಿನ ಗಂಟುಗಳಂತೆ ಏನೋ ತೇಲುತ್ತಿದೆ. ಹಿರಿಯರೊಬ್ಬರು ಬಂದು ನೋಡಿ ಬೈಯಲಿಲ್ಲ. ಹೊಸದಾಗಿ ಸ್ವಲ್ಪ ಹಳದಿ ಲೋಳೆ ತೆಗೆದುಕೊಂಡು, ಅದಕ್ಕೆ ಒಡೆದ ಮಾಲನ್ನೇ ಚೂರುಚೂರಾಗಿ ಸೇರಿಸುತ್ತಾ ಹೋಗು ಅಂದರು. ಸಂಜೆಯಾಯಿತು, ಆದರೆ ಹದ ವಾಪಸ್ ಬಂತು. ಇವತ್ತಿಗೂ ನಾನು ಮಿಕ್ಸರ್ ನೋಡುವುದಕ್ಕಿಂತ ಕೇಳುವುದೇ ಜಾಸ್ತಿ.

ಐಸ್‌ಕ್ರೀಮ್ ಇನ್ನೂ ತಮಾಷೆ. ಅದರಲ್ಲಿ ಜಿಡ್ಡು, ನೀರಿನ ಜೊತೆ ಗಾಳಿಯೂ ಸೇರುತ್ತದೆ. ಕೆಲವು ಡಬ್ಬಿಗಳಲ್ಲಿ ಅರ್ಧದಷ್ಟು ಗಾತ್ರ ಬರೀ ಗಾಳಿ. ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿ ಮೊನೊ-ಡೈಗ್ಲಿಸರೈಡ್ ಅಂತ ಓದಿ ಹೆದರುವವರಿದ್ದಾರೆ. ಅದೂ ಎಣ್ಣೆಯಿಂದಲೇ ಆದದ್ದು. ಐಸ್‌ಕ್ರೀಮಿನಲ್ಲಿ ಅದರ ಕೆಲಸ ಮಾತ್ರ ವಿಚಿತ್ರ: ಜಿಡ್ಡಿನ ಹನಿಗಳ ಹೊದಿಕೆಯನ್ನು ಸ್ವಲ್ಪ ಸಡಿಲ ಮಾಡುವುದು. ಆಗ ಹನಿಗಳು ಒಂದಕ್ಕೊಂದು ಅರೆಬರೆ ಅಂಟಿಕೊಂಡು ಗಾಳಿ ಗುಳ್ಳೆಯ ಸುತ್ತ ಗೋಡೆ ಕಟ್ಟುತ್ತವೆ. ಕೂಡಿಸುವ ವಸ್ತುವನ್ನೇ ಬಿಡಿಸಲು ಬಳಸುವ ಜಾಗ ಇದು.

ಹೆಸರುಗಳ ವಿಷಯಕ್ಕೆ ಬಂದರೆ, ಸೂಪಿನ ಪೊಟ್ಟಣದ ಕ್ನಾರ್ 1838ರಲ್ಲಿ ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ ಹುಟ್ಟಿದ್ದು. ಹೆಲ್ಮನ್ಸ್ ಮೇಯೊನೀಸ್ ನ್ಯೂಯಾರ್ಕ್‌ನಲ್ಲಿ ಅಂಗಡಿ ಇಟ್ಟಿದ್ದ ಜರ್ಮನ್ ವಲಸಿಗನದು. ಎರಡೂ ಯೂನಿಲಿವರ್ ತೆಕ್ಕೆಗೆ ಬಂದದ್ದು 2000ದಲ್ಲಿ, ಬೆಸ್ಟ್‌ಫುಡ್ಸ್ ಕಂಪನಿಯನ್ನು ಸುಮಾರು 2,430 ಕೋಟಿ ಡಾಲರಿಗೆ ಕೊಂಡಾಗ. ಅಮೆರಿಕದ ರಾಕಿ ಬೆಟ್ಟಗಳ ಪಶ್ಚಿಮಕ್ಕೆ ಹೆಲ್ಮನ್ಸ್ ಬಾಟಲಿ ಇವತ್ತಿಗೂ ಬೆಸ್ಟ್ ಫುಡ್ಸ್ ಅನ್ನುವ ಹೆಸರಲ್ಲೇ ಮಾರಾಟವಾಗುತ್ತದೆ. ಯೂನಿಲಿವರ್ ಮಾರುತ್ತಿದ್ದ ಐಸ್‌ಕ್ರೀಮಿನ ಮೇಲಿನ ಹೃದಯದ ಗುರುತು ಒಂದೇ, ಹೆಸರು ಊರಿಗೊಂದು. ಬ್ರಿಟನ್ನಿನಲ್ಲಿ ವಾಲ್ಸ್, ಇಟಲಿಯಲ್ಲಿ ಅಲ್ಜಿಡಾ, ಜರ್ಮನಿಯಲ್ಲಿ ಲಾಂಗ್ನೀಸೆ, ಬ್ರೆಜಿಲ್‌ನಲ್ಲಿ ಕಿಬೊನ್. ಜನರಿಗೆ ಬಾಯಿಪಾಠವಾದ ಹೆಸರನ್ನು ಅಳಿಸುವ ಧೈರ್ಯ ಯಾರಿಗೂ ಇರುವುದಿಲ್ಲ.

ಈಗ ಆ ಜಿಡ್ಡಿನ ಸಂಸಾರ ಒಡೆಯುತ್ತಿದೆ. 2018ರಲ್ಲಿ ಮಾರ್ಗರೀನ್ ವ್ಯವಹಾರ ಸುಮಾರು 680 ಕೋಟಿ ಯೂರೊಗೆ ಕೆಕೆಆರ್ ಅನ್ನುವ ಅಮೆರಿಕದ ಹೂಡಿಕೆ ಕಂಪನಿಯ ಪಾಲಾಯಿತು. ಹೆಸರಿನ ಅರ್ಧ ಯಾವುದರಿಂದ ಬಂದಿತ್ತೋ ಅದನ್ನೇ ಮಾರಿದರು! ಜನ ಬೆಣ್ಣೆಗೆ ಮರಳಿದ್ದರು, ಹರಡುವ ಜಿಡ್ಡಿಗೆ ಗಿರಾಕಿ ಕಡಿಮೆಯಾಗಿದ್ದರು. 2022ರಲ್ಲಿ ಲಿಪ್ಟನ್ ಸೇರಿದಂತೆ ಚಹಾದ ಬಹುಪಾಲು ಹೋಯಿತು. ಚಹಾದಲ್ಲಿ ಜಿಡ್ಡಿಲ್ಲ ಬಿಡಿ, ನನ್ನ ಲೆಕ್ಕಕ್ಕೆ ಅದು ದೂರದ ನೆಂಟ.

ಐಸ್‌ಕ್ರೀಮ್ ಹೋದದ್ದು ಮಾತ್ರ ನಮ್ಮಂಥವರಿಗೆ ದೊಡ್ಡ ಸುದ್ದಿ. ಯಾಕೆ ಬಿಟ್ಟರು ಅಂದರೆ, ಎಣ್ಣೆ-ನೀರು ಕೂಡಿಸುವ ವಿದ್ಯೆ ಈಗ ಯಾರ ಗುಟ್ಟೂ ಅಲ್ಲ. ಒಳ್ಳೆಯ ಮಿಕ್ಸರ್ ಇರುವ ಯಾರು ಬೇಕಾದರೂ ಮಾಡಬಹುದು. ಒಂದೇ ಕಚ್ಚಾ ಮಾಲು ಅನ್ನುವ ನಂಟಿಗೂ ಹಳೇ ಬೆಲೆ ಇಲ್ಲ. ಈಗ ಲೆಕ್ಕಕ್ಕೆ ಬರುವುದು ಮಾಲು ಅಂಗಡಿಗೆ ತಲುಪುವ ದಾರಿ. ಸೋಪನ್ನು, ಸೂಪಿನ ಪೊಟ್ಟಣವನ್ನು ಸುಮ್ನೆ ಲಾರಿಗೆ ತುಂಬಿ ಕಳಿಸಬಹುದು. ಐಸ್‌ಕ್ರೀಮಿಗೆ ಕಾರ್ಖಾನೆಯಿಂದ ಅಂಗಡಿಯವರೆಗೆ ಮೈನಸ್ 18 ಡಿಗ್ರಿ ಬೇಕು, ಅಂಗಡಿಯಲ್ಲಿ ಫ್ರೀಜರ್ ಬೇಕು. ಒಮ್ಮೆ ಕರಗಿ ಮತ್ತೆ ಗಟ್ಟಿಯಾದರೆ ಹರಳು ಕಟ್ಟಿ ನಾಲಿಗೆಗೆ ಮರಳಿನಂತೆ ಸಿಗುತ್ತದೆ. ಚಳಿಗಾಲದಲ್ಲಿ ಮಾರಾಟವೂ ಕುಸಿಯುತ್ತದೆ.

2025ರ ಡಿಸೆಂಬರ್‌ನಲ್ಲಿ ಮ್ಯಾಗ್ನಮ್ ಐಸ್‌ಕ್ರೀಮ್ ಕಂಪನಿ ಯೂನಿಲಿವರ್‌ನಿಂದ ಬೇರೆಯಾಗಿ ಆಮ್‌ಸ್ಟರ್‌ಡ್ಯಾಮ್ ಷೇರುಪೇಟೆಗೆ ಬಂತು. ಬೆನ್ ಅಂಡ್ ಜೆರೀಸ್ ಅನ್ನುವ ಇನ್ನೊಂದು ಐಸ್‌ಕ್ರೀಮ್ ಬ್ರ್ಯಾಂಡ್ ಕೂಡ ಅದರ ಜೊತೆ ಹೋಯಿತು. ಹಳೇ ಮನೆಯವರು ಶೇ 20ಕ್ಕಿಂತ ಸ್ವಲ್ಪ ಕಡಿಮೆ ಪಾಲು ಇಟ್ಟುಕೊಂಡರು. ಅದನ್ನೂ ಮುಂದೆ ಮಾರುವ ಮಾತಾಗಿತ್ತು.