ಬಿನ್ ಕಾರ್ಡ್ ಬರೆದ ಕೈಗೆ ಗೋದಾಮು ಹೊಸದಲ್ಲ

ನೆಲಮಂಗಲದಾಚೆ, ತುಮಕೂರು ರಸ್ತೆಯ ಗೋದಾಮೊಂದರ ಉಸ್ತುವಾರಿಯಲ್ಲಿ ನಾನಿದ್ದ ಕಾಲದ ಮಾತು. ಒಂದು ಬೆಳಿಗ್ಗೆ ಗೇಟಿನ ಸೆಕ್ಯುರಿಟಿಯವರು ಕಂಟೇನರ್ ಲಾರಿಯೊಂದನ್ನು ಒಳಗೆ ಬಿಡದೆ ನಿಲ್ಲಿಸಿದ್ದರು. ಸೀಲ್ ನಂಬರಿನ ಕೊನೆಯ ಅಂಕಿ ಚಲನ್‌ನಲ್ಲಿ ಬರೆದದ್ದಕ್ಕೆ ಹೊಂದುತ್ತಿರಲಿಲ್ಲ. ಡ್ರೈವರ್ ಕೂಗಾಡುತ್ತಿದ್ದ, ಇವರು ಮಾತ್ರ ಸೀಲನ್ನು ಮುಟ್ಟದೆ ಅದರ ಫೋಟೊ ತೆಗೆದು, ಲಾರಿ ಬಂದ ಹೊತ್ತನ್ನು ರಿಜಿಸ್ಟರಿನಲ್ಲಿ ಬರೆದು, ಸರಕು ಕಳುಹಿಸಿದವರ ಉತ್ತರ ಕೈಗೆ ಬರುವ ತನಕ ಬಾಗಿಲು ತೆರೆಯುವುದಿಲ್ಲವೆಂದು ತಣ್ಣಗೆ ಕುಳಿತಿದ್ದರು. ಬರವಣಿಗೆಯಲ್ಲಾದ ತಪ್ಪು ಅದೆಂದು ಮಧ್ಯಾಹ್ನದ ಹೊತ್ತಿಗೆ ತಿಳಿಯಿತು. ಇಷ್ಟು ಕ್ರಮವನ್ನು ಎಲ್ಲಿ ಕಲಿತಿರೆಂದು ಕೇಳಿದೆ. "17 ವರ್ಷ ಆರ್ಮಿ ಸರ್ವಿಸ್ ಕೋರ್ ಸರ್, ಸಪ್ಲೈ ಡಿಪೋದಲ್ಲಿದ್ದೆ" ಎಂದರು. ಮತ್ತೆ ಗೇಟಿನಲ್ಲೇಕೆ ನಿಂತಿದ್ದೀರೆಂದರೆ, "ಏಜೆನ್ಸಿಯವರು ಗನ್ ಲೈಸೆನ್ಸ್ ಇದೆಯಾ ಅಂತ ಕೇಳಿದರು. ಸ್ಟೋರ್ ಬಗ್ಗೆ ಯಾರೂ ಕೇಳಲಿಲ್ಲ" ಎಂದರು.

ಆ ಗೋದಾಮಿನೊಳಗೆ ಇನ್ವೆಂಟರಿ ನೋಡಿಕೊಳ್ಳುವವರು ಸಿಗದೆ ನಾವು ಎರಡು ತಿಂಗಳಿಂದ ಹುಡುಕುತ್ತಿದ್ದೆವು ಎಂಬುದನ್ನು ನಾಚಿಕೆಯಿಂದಲೇ ಹೇಳಬೇಕು. ಅಂದಿನಿಂದ ಸೈನ್ಯದ ಸರಬರಾಜು ವಿಭಾಗಗಳಲ್ಲಿ ಬಿನ್ ಕಾರ್ಡ್ (ಪ್ರತಿ ವಸ್ತುವಿನ ಬಳಿ ಇಡುವ, ಬಂದದ್ದು-ಹೋದದ್ದರ ಲೆಕ್ಕದ ಚೀಟಿ) ಬರೆದು ಬಂದವರ ಬಯೋಡೇಟಾಗಳನ್ನು ಹುಡುಕಿ ಓದುವುದು, ಬೇಕೆಂದು ಬಂದವರಿಗೆ ತಿದ್ದಿಕೊಡುವುದು ನನಗೆ ಅಭ್ಯಾಸವಾಗಿದೆ. ಈ ಅಂಕಣ ಆ ಅಭ್ಯಾಸದಿಂದ ಬಂದದ್ದು.

ನಾಗರಿಕ ಕಂಪನಿಗಳಲ್ಲಿ ಸಂದರ್ಶನ ಮಾಡುವ ಬಹುಪಾಲು ಜನರಿಗೆ ಸೈನ್ಯವೆಂದರೆ ಬಂದೂಕು ಮತ್ತು ಗಡಿ ಮಾತ್ರ. ಸೈನಿಕರ ಅಕ್ಕಿ, ಗೋಧಿ ಹಿಟ್ಟು, ಸೀಮೆಎಣ್ಣೆ, ಪೆಟ್ರೋಲು ಮತ್ತು ಅವನ್ನು ಹೊರುವ ವಾಹನಗಳನ್ನು ನೋಡಿಕೊಳ್ಳುವುದು ಆರ್ಮಿ ಸರ್ವಿಸ್ ಕೋರ್. ಬಟ್ಟೆಬರೆಯಿಂದ ಹಿಡಿದು ವಾಹನದ ಬಿಡಿಭಾಗ ಮತ್ತು ಮದ್ದುಗುಂಡಿನವರೆಗೆ ಉಳಿದದ್ದನ್ನು ಕಾಯುವುದು ಆರ್ಮಿ ಆರ್ಡ್‌ನೆನ್ಸ್ ಕೋರ್. ವಾಯುಪಡೆಗೆ ಅದರದೇ ಲಾಜಿಸ್ಟಿಕ್ಸ್ ಶಾಖೆಯಿದೆ; ನೌಕಾಪಡೆಯ ಲಾಜಿಸ್ಟಿಕ್ಸ್ ತರಬೇತಿ ಮುಂಬಯಿಯ ಐಎನ್‌ಎಸ್ ಹಮ್ಲಾದಲ್ಲಿ ನಡೆಯುತ್ತದೆ. ಸರ್ವಿಸ್ ಕೋರಿನ ಸೆಂಟರ್ ಮತ್ತು ಕಾಲೇಜು ನಮ್ಮ ಬೆಂಗಳೂರಿನಲ್ಲಿಯೇ ಇದ್ದರೂ, ಅಲ್ಲಿಂದ ಅರ್ಧ ಗಂಟೆಯ ದೂರದಲ್ಲಿರುವ ಕಂಪನಿಗಳ ಎಚ್‌ಆರ್ ವಿಭಾಗದವರಿಗೆ ಅಲ್ಲಿ ಏನನ್ನು ಕಲಿಸುತ್ತಾರೆಂಬುದು ತಿಳಿದಿರುವುದು ಅಪರೂಪ.

ಆದರೆ ತಪ್ಪು ಒಂದೇ ಕಡೆಯದಲ್ಲ. ಹಾಸನ ಜಿಲ್ಲೆಯ ನಿವೃತ್ತ ಹವಾಲ್ದಾರರೊಬ್ಬರು ತಂದ ಬಯೋಡೇಟಾದಲ್ಲಿ 20 ವರ್ಷದ ಕೆಲಸಕ್ಕೆ ಮೀಸಲಾಗಿದ್ದದ್ದು ಒಂದೇ ಸಾಲು: "ರೇಷನ್ ಸ್ಟೋರಿನಲ್ಲಿ ನಿಷ್ಠೆಯಿಂದ ಸೇವೆ ಸಲ್ಲಿಸಿದ್ದೇನೆ." ಉಳಿದ ಒಂದೂವರೆ ಪುಟದಲ್ಲಿ ಪದಕಗಳು, ಶಿಸ್ತು, ದೇಶಪ್ರೇಮ ಮತ್ತು ಈಜು ಬರುತ್ತದೆಂಬ ಮಾಹಿತಿ ಇದ್ದವು. ಅವರನ್ನು ಎದುರಿಗೆ ಕೂರಿಸಿಕೊಂಡು, ಬೆಳಿಗ್ಗೆ ಸ್ಟೋರಿನ ಬಾಗಿಲು ತೆಗೆದ ಮೇಲೆ ಮೊದಲು ಏನು ಮಾಡುತ್ತಿದ್ದಿರಿ ಎಂಬಲ್ಲಿಂದ ಕೇಳುತ್ತ ಹೋದೆ. ಲಡಾಖ್ ಕಡೆಯ ಒಂದು ಡಿಪೋದಲ್ಲಿ ಚಳಿಗಾಲದ ಮುಂಗಡ ದಾಸ್ತಾನು ಮಾಡುವ ಕೆಲಸ ಅವರ ಪಾಲಿಗೆ ಬಂದಿತ್ತು.

ಆ ಕೆಲಸ ಏನೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಲೇಹ್‌ಗೆ ರಸ್ತೆಯಲ್ಲಿ ಸರಕು ಹೋಗುವುದು ಮುಖ್ಯವಾಗಿ ಶ್ರೀನಗರದಿಂದ ಝೋಜಿಲಾ ಹತ್ತಿ, ಇಲ್ಲವೇ ಮನಾಲಿಯ ಕಡೆಯಿಂದ. ಸುಮಾರು 11,500 ಅಡಿ ಎತ್ತರದ ಝೋಜಿಲಾ ಹಿಮ ಬಿದ್ದು ಮುಚ್ಚುತ್ತದೆ. ಮನಾಲಿಯ ದಾರಿಯಲ್ಲಿ 2020ರ ಅಕ್ಟೋಬರ್‌ನಲ್ಲಿ 9.02 ಕಿಲೋಮೀಟರಿನ ಅಟಲ್ ಸುರಂಗ ತೆರೆದ ಮೇಲೂ ಅದರಾಚೆಗಿನ ಎತ್ತರದ ಕಣಿವೆಮಾರ್ಗಗಳು ಹಿಮಕ್ಕೆ ಸಿಕ್ಕುತ್ತವೆ. ಮುಚ್ಚುವ ದಿನಗಳು ಈಚಿನ ವರ್ಷಗಳಲ್ಲಿ ಕಡಿಮೆಯಾಗಿವೆಯಾದರೂ, ಆ ಭರವಸೆಯ ಮೇಲೆ ಯಾರೂ ದಾಸ್ತಾನನ್ನು ಕಡಿಮೆ ಇಡುವುದಿಲ್ಲ. ಆದ್ದರಿಂದ ಬೇಸಿಗೆಯಲ್ಲಿ ರಸ್ತೆ ತೆರೆದಿರುವ ಅವಧಿಯೊಳಗೆ, ಚಳಿಗಾಲಕ್ಕೆ ಎಷ್ಟು ಜನ, ದಿನಕ್ಕೆ ತಲಾ ಎಷ್ಟು, ದಾರಿಯಲ್ಲಿ ಎಷ್ಟು ಹಾಳಾಗಬಹುದು, ಯಾವುದು ಮೊದಲು ಏರಬೇಕು, ಯಾವುದರ ಬಾಳಿಕೆಯ ಅವಧಿ ಮುಂದಿನ ಮಾರ್ಚ್‌ಗೆ ಮುನ್ನ ಮುಗಿಯುತ್ತದೆ ಎಂಬುದೆಲ್ಲವನ್ನೂ ಲೆಕ್ಕ ಹಾಕಿ ಮುಗಿಸಬೇಕು. ಲೆಕ್ಕ ತಪ್ಪಿದರೆ ಜನವರಿಯಲ್ಲಿ ಫೋನ್ ಮಾಡಿ ಇನ್ನೊಂದು ಲಾರಿ ತರಿಸಿಕೊಳ್ಳುವಂತಿಲ್ಲ.

ಇದನ್ನೇ ಗೋದಾಮಿನ ಮಾತಿನಲ್ಲಿ ಡಿಮ್ಯಾಂಡ್ ಪ್ಲ್ಯಾನಿಂಗ್ (ಬೇಡಿಕೆಯ ಅಂದಾಜು), ಲೀಡ್ ಟೈಮ್ (ಕೇಳಿದ ಸರಕು ಬಂದು ಸೇರಲು ಹಿಡಿಯುವ ಕಾಲ), ಸೇಫ್ಟಿ ಸ್ಟಾಕ್ (ಆಪತ್ತಿಗೆಂದು ಇಡುವ ಹೆಚ್ಚುವರಿ ದಾಸ್ತಾನು) ಎನ್ನುತ್ತಾರೆ. ಎಂಬಿಎ ಮುಗಿಸಿ ಬಂದವರು ಇವನ್ನು ಸ್ಲೈಡುಗಳಲ್ಲಿ ಕಲಿತಿರುತ್ತಾರೆ. ಟಿನ್ನುಗಳನ್ನು ಹೇಗೆ ಜೋಡಿಸುತ್ತಿದ್ದಿರೆಂದು ಕೇಳಿದಾಗ ಹವಾಲ್ದಾರರು, ಅವಧಿ ಬೇಗ ಮುಗಿಯುವ ಲಾಟನ್ನು ಯಾವಾಗಲೂ ಕೈಗೆ ಸಿಗುವ ಮುಂದಿನ ಸಾಲಿಗೆ ತರುತ್ತಿದ್ದುದನ್ನೂ, ಮುಚ್ಚಳ ಉಬ್ಬಿದ ಟಿನ್ ಕಂಡರೆ ಆ ಲಾಟನ್ನೇ ಬೇರೆಯಾಗಿಟ್ಟು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದುದನ್ನೂ ಹೇಳಿದರು. ಔಷಧಿ ಮತ್ತು ಆಹಾರದ ಗೋದಾಮುಗಳಲ್ಲಿ ಇದರ ಹೆಸರು ಎಫ್‌ಇಎಫ್‌ಓ, ಅಂದರೆ ಮೊದಲು ಅವಧಿ ಮುಗಿಯುವುದು ಮೊದಲು ಹೊರಗೆ. ಬೇರೆಯಾಗಿಟ್ಟ ಲಾಟಿಗೆ ಕ್ವಾರಂಟೀನ್ ಸ್ಟಾಕ್ ಎಂಬ ಹೆಸರು. ಕೆಲಸ ಅದೇ ಆಗಿದ್ದರೂ ಹೆಸರು ಗೊತ್ತಿಲ್ಲದ ಕಾರಣಕ್ಕೆ ಅವರು ತನಗೆ ಅನುಭವವಿಲ್ಲವೆಂದೇ ನಂಬಿದ್ದರು.

ಹೀಗೆ ಒಂದೊಂದಾಗಿ ಹೆಸರು ಬದಲಿಸುತ್ತ ಹೋದರೆ ಬಯೋಡೇಟಾ ತಾನಾಗಿ ತುಂಬುತ್ತದೆ. ಸರಕು ಬಂದಾಗ ಬರೆಯುವ ರಸೀತಿ ವೋಚರ್ ಇಲ್ಲಿ ಜಿಆರ್‌ಎನ್, ಅಂದರೆ ಸರಕು ಸ್ವೀಕೃತಿ ಚೀಟಿ, ಆಗುತ್ತದೆ. ಇಶ್ಯೂ ವೋಚರ್ ಡೆಲಿವರಿ ಚಲನ್ ಆಗುತ್ತದೆ. ಯೂನಿಟ್ಟಿನಿಂದ ಬರುವ ಇಂಡೆಂಟ್, ಅಂದರೆ ಬೇಡಿಕೆ ಪತ್ರ, ಮಟೀರಿಯಲ್ ರಿಕ್ವೆಸ್ಟ್ ಆಗುತ್ತದೆ. ಸ್ಟಾಕ್ ಟೇಕಿಂಗ್ ಬೋರ್ಡಿನಲ್ಲಿ ಕುಳಿತವರು ಭೌತಿಕ ಎಣಿಕೆ ಮತ್ತು ಸೈಕಲ್ ಕೌಂಟ್ (ಸರದಿಯಂತೆ ಸ್ವಲ್ಪ ಸ್ವಲ್ಪ ಸರಕನ್ನು ಎಣಿಸುವುದು) ಮಾಡಿದ್ದಾರೆಂದೇ ಅರ್ಥ. ವಾಯುಪಡೆಯ ಇಮ್ಮೋಲ್ಸ್ ಎಂಬ ದಾಸ್ತಾನು ತಂತ್ರಾಂಶದಲ್ಲಿ ಅಥವಾ ಆರ್ಡ್‌ನೆನ್ಸ್ ಡಿಪೋದ ಗಣಕೀಕೃತ ದಾಸ್ತಾನು ವ್ಯವಸ್ಥೆಯಲ್ಲಿ ಕೆಲಸ ಮಾಡಿದವರು ಅದನ್ನು ಖಂಡಿತ ಬರೆಯಬೇಕು, ಏಕೆಂದರೆ ಪರದೆಯ ಮೇಲೆ ಸ್ಟಾಕ್ ನಡೆಸಿದವರಿಗೆ ಕಂಪನಿಗಳು ದಾಸ್ತಾನು ಮತ್ತು ಲೆಕ್ಕ ನಡೆಸುವ ಎಸ್‌ಎಪಿ ತಂತ್ರಾಂಶ ಕಲಿಯಲು ಬೇಕಾಗುವುದು ವಾರಗಳೇ ಹೊರತು ವರ್ಷಗಳಲ್ಲ.

ಅಂಕಿಗಳನ್ನು ಬರೆಯುವಾಗ ಮಾತ್ರ ಎಚ್ಚರ ಬೇಕು. ಕೈಕೆಳಗೆ ಎಷ್ಟು ಜನರಿದ್ದರು, ಎಷ್ಟು ಬಗೆಯ ವಸ್ತುಗಳ ಲೆಡ್ಜರ್ ಇತ್ತು, ಎಣಿಕೆಯಲ್ಲಿ ವ್ಯತ್ಯಾಸ ಎಷ್ಟು ಬಂತು ಎಂಬಿವು ಬರೆಯತಕ್ಕವು. ಯೂನಿಟ್ಟಿನ ಹೆಸರು, ಡಿಪೋ ಇರುವ ಜಾಗ, ಅಲ್ಲಿ ಎಷ್ಟು ಟನ್ ಮದ್ದುಗುಂಡು ಅಥವಾ ಎಷ್ಟು ದಿನದ ಇಂಧನ ಇರುತ್ತದೆಂಬುದು ನೌಕರಿಯ ಜಾಲತಾಣದಲ್ಲಿ ತೇಲಾಡುವ ಕಾಗದದ ಮೇಲೆ ಇರಬಾರದು. ನನ್ನ ಹವಾಲ್ದಾರರ ಸಾಲನ್ನು ಕೊನೆಗೆ ನಾವು ಹೀಗೆ ಬರೆದೆವು: "ಎತ್ತರದ ಪ್ರದೇಶದ ಆಹಾರ ಗೋದಾಮಿನಲ್ಲಿ 9 ಜನರ ತಂಡದ ಮೇಲ್ವಿಚಾರಣೆ, ಋತುಮಾನದ ದಾಸ್ತಾನು ಯೋಜನೆ, ಅವಧಿ ಮೀರುವ ಸರಕಿನ ನಿಯಂತ್ರಣ, ಸತತ ಮೂರು ವಾರ್ಷಿಕ ಎಣಿಕೆಗಳಲ್ಲಿ ವಿವರಿಸಲಾಗದ ಕೊರತೆ ಇಲ್ಲ." ಈ ಕೊನೆಯ ಮಾತನ್ನು ಓದಿದ ಯಾವ ಗೋದಾಮು ಮ್ಯಾನೇಜರನೂ ಅವರನ್ನು ಸಂದರ್ಶನಕ್ಕೆ ಕರೆಯದೆ ಇರಲಾರ.

ಇಷ್ಟು ಹೇಳಿದ ಮೇಲೆ, ಹೆಸರು ಬದಲಿಸಿದರೂ ಹೊಂದದ ಸಂಗತಿಗಳನ್ನು ಮುಚ್ಚಿಡುವುದು ಸರಿಯಲ್ಲ. ಸೈನ್ಯದಲ್ಲಿ ದಾಸ್ತಾನು ಎಂದರೆ ಧೈರ್ಯ. ಹೆಚ್ಚು ಇದ್ದಷ್ಟೂ ನೆಮ್ಮದಿ. ವ್ಯಾಪಾರದಲ್ಲಿ ದಾಸ್ತಾನು ಎಂದರೆ ಮಲಗಿರುವ ಹಣ. ಅದಕ್ಕೆ ಬ್ಯಾಂಕಿನ ಬಡ್ಡಿ ಓಡುತ್ತದೆ, ಅದು ನಿಂತ ಜಾಗಕ್ಕೆ ಚದರಡಿ ಲೆಕ್ಕದ ಬಾಡಿಗೆ ಓಡುತ್ತದೆ. ಕೊರತೆ ಬಾರದಂತೆ ನೋಡಿಕೊಂಡೆ ಎಂದು ಹೆಮ್ಮೆಯಿಂದ ಹೇಳಿದ ಅಭ್ಯರ್ಥಿಗೆ ಸಂದರ್ಶಕರು "ದಾಸ್ತಾನನ್ನು ಎಷ್ಟು ಇಳಿಸಿದಿರಿ?" ಎಂದು ಕೇಳಿದರೆ ಅವರು ತಬ್ಬಿಬ್ಬಾಗುವುದನ್ನು ಹಲವು ಸಲ ಕಂಡಿದ್ದೇನೆ. ಈ ಒಂದು ತಿರುವನ್ನು ಮನಸ್ಸು ಒಪ್ಪಿಕೊಳ್ಳುವುದಕ್ಕೆ ಯಾವ ತಂತ್ರಾಂಶವನ್ನು ಕಲಿಯುವುದಕ್ಕಿಂತಲೂ ಹೆಚ್ಚು ಕಾಲ ಹಿಡಿಯುತ್ತದೆ. ಉಳಿದದ್ದು ಸುಲಭ. ವೋಚರಿನಲ್ಲಿ ತೆರಿಗೆಯ ಗೊಡವೆಯಿಲ್ಲ. ಇಲ್ಲಿ ಜಿಎಸ್‌ಟಿ, ಸರಕಿನ ಬಗೆಯನ್ನು ಗುರುತಿಸುವ ಎಚ್‌ಎಸ್‌ಎನ್ ಕೋಡ್, 50,000 ರೂಪಾಯಿ ಮೀರಿದ ಸರಕಿನ ಸಾಗಣೆಗೆ ಬೇಕಾದ ಇ-ವೇ ಬಿಲ್, ಸಾಮಾನ್ಯ ಸರಕಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನದಂತೆ ಅದರ ಅವಧಿ, ಇವನ್ನು ತಿಂಗಳೊಪ್ಪತ್ತಿನಲ್ಲಿ ಕಲಿಯಬಹುದು. ಇಂಧನ ಟ್ಯಾಂಕರ್ ಓಡಿಸಿದವರು ಅಪಾಯಕಾರಿ ಸರಕಿನ ಮೂರು ದಿನದ ತರಬೇತಿ ಪಡೆದು ಲೈಸೆನ್ಸಿನಲ್ಲಿ ನಮೂದು ಮಾಡಿಸಿಕೊಂಡರೆ ಅವರಿಗೆ ಬೇಡಿಕೆ ಬೇರೆಯೇ ಇರುತ್ತದೆ.

ಜನರನ್ನು ನಡೆಸುವ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಸುಬೇದಾರರಾಗಿ ನಿವೃತ್ತರಾದವರೊಬ್ಬರನ್ನು ನಾನು ನೇರವಾಗಿ ರಾತ್ರಿ ಪಾಳಿಯ ಮೇಲ್ವಿಚಾರಕರನ್ನಾಗಿ ಹಾಕಿದೆ. ನಮ್ಮ ಹಮಾಲರು ಗುತ್ತಿಗೆಯವರು. ಪೆಟ್ಟಿಗೆಯ ಲೆಕ್ಕಕ್ಕೆ ಕೂಲಿ, ಮನಸ್ಸು ಬಂದರೆ ಬಂದರು. ಸುಬೇದಾರರು ಪಾಳಿಯ ಆರಂಭಕ್ಕೆ ಸಾಲಾಗಿ ನಿಲ್ಲಿಸಿ ಹಾಜರಿ ಕೂಗಿದರು. ನಾಲ್ಕನೆಯ ರಾತ್ರಿ ಮೇಸ್ತ್ರಿ ತನ್ನ ಹನ್ನೊಂದು ಜನರನ್ನು ಕರೆದುಕೊಂಡು ಪಕ್ಕದ ಗೋದಾಮಿಗೆ ಹೋದ. ಸುಬೇದಾರರನ್ನು ಮೊದಲು ಎರಡು ವಾರ ಯಾರ ಮೇಲೂ ಅಧಿಕಾರವಿಲ್ಲದ ಕೆಲಸದಲ್ಲಿಟ್ಟು ಇಲ್ಲಿನ ರೀತಿಯನ್ನು ನೋಡಲು ಬಿಟ್ಟಿದ್ದರೆ ಹೀಗಾಗುತ್ತಿರಲಿಲ್ಲ. ಆಮೇಲೆ ಅವರೇ ದಾರಿ ಕಂಡುಕೊಂಡರು: ಪಾಳಿಗೆ ಅರ್ಧ ಗಂಟೆ ಮೊದಲು ಬಂದು ಗೇಟಿನ ಚಹದಂಗಡಿಯಲ್ಲಿ ಮೇಸ್ತ್ರಿಯ ಜೊತೆ ಕುಳಿತು, ಆ ರಾತ್ರಿ ಎಷ್ಟು ಲಾರಿ, ಯಾವುದು ಭಾರ ಎಂಬುದನ್ನು ಮೊದಲೇ ಹೇಳಿಬಿಡುತ್ತಿದ್ದರು. ಮೇಸ್ತ್ರಿ ಅವರನ್ನು ಈಗಲೂ "ಸುಬೇದಾರ್ ಸಾಬ್" ಎಂದೇ ಕರೆಯುತ್ತಾನೆ.

ಕಂಪನಿಗಳಿಗೂ ಎರಡು ಮಾತು ಹೇಳಬೇಕಾಗಿದೆ. "ನಿಮಗೆ ಪಿಂಚಣಿ ಬರುತ್ತದಲ್ಲ" ಎಂದು ಸಂಬಳವನ್ನು ಇಳಿಸುವ ರೂಢಿ ನನಗೆ ಅಸಹ್ಯ ತರಿಸುತ್ತದೆ; ಪಿಂಚಣಿ ಮುಗಿದ ಕೆಲಸಕ್ಕೆ ಬರುವುದು, ನಾಳೆ ಅವರು ಎಣಿಸುವ ಪೆಟ್ಟಿಗೆಗಲ್ಲ. ಪದವಿಯ ವಿಷಯವೂ ಹಾಗೆಯೇ. ಎಸ್‌ಎಸ್‌ಎಲ್‌ಸಿ ಮುಗಿಸಿ 15 ವರ್ಷ ಸೇವೆ ಸಲ್ಲಿಸಿದ ಮಾಜಿ ಸೈನಿಕರನ್ನು ಕೇಂದ್ರ ಸರ್ಕಾರ ತನ್ನ ಗ್ರೂಪ್ ಸಿ ಹುದ್ದೆಗಳಿಗೆ ಪದವೀಧರರಿಗೆ ಸಮಾನರೆಂದು ಪರಿಗಣಿಸುತ್ತದೆ. ಖಾಸಗಿ ಕಂಪನಿಯ ಅರ್ಜಿ ತಂತ್ರಾಂಶಕ್ಕೆ ಇದು ತಿಳಿಯದು; ಪದವಿಯ ಕಾಲಂ ಖಾಲಿಯಿದ್ದರೆ ಅದು ಅರ್ಜಿಯನ್ನು ಯಾರ ಕಣ್ಣಿಗೂ ಬೀಳದಂತೆ ಬದಿಗಿಡುತ್ತದೆ. ಆದ್ದರಿಂದ ಸೇವೆಯ ಕೊನೆಯ ವರ್ಷಗಳಲ್ಲಿ ದೂರಶಿಕ್ಷಣದ ಪದವಿಯನ್ನೂ, ಪುನರ್ವಸತಿ ಮಹಾನಿರ್ದೇಶನಾಲಯದ ತರಬೇತಿಗಳಲ್ಲಿ ಲಾಜಿಸ್ಟಿಕ್ಸ್‌ಗೆ ಸಂಬಂಧಿಸಿದ್ದನ್ನೂ ಮುಗಿಸಿಕೊಳ್ಳುವುದು ಒಳ್ಳೆಯದು. ಅರ್ಜಿಯನ್ನು ಜಾಲತಾಣಕ್ಕಿಂತ ಮೊದಲು ಗೋದಾಮಿನ ಮ್ಯಾನೇಜರರ ಕೈಗೆ ಕೊಡುವುದು ಇನ್ನೂ ಒಳ್ಳೆಯದು.

2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯ ಅಗ್ನಿವೀರರಲ್ಲಿ ಗುಮಾಸ್ತ ಮತ್ತು ಸ್ಟೋರ್ ಕೀಪರ್ ಟೆಕ್ನಿಕಲ್ ಆಗಿ ಸೇರಿದವರೂ ಇದ್ದಾರೆ. ನಾಲ್ಕು ವರ್ಷದ ಬಳಿಕ ಕಾಯಂ ಸೇವೆಗೆ ಉಳಿಯುವುದು ಗರಿಷ್ಠ ಶೇ. 25 ಮಂದಿ, ಹೊರಬರುವವರಿಗೆ ಪಿಂಚಣಿಯಿಲ್ಲ, ವಯಸ್ಸು ಮಾತ್ರ ಇನ್ನೂ ಇಪ್ಪತ್ತರಿಂದ ಮೂವತ್ತರ ನಡುವೆ. ಇವರು ಮೇಲ್ವಿಚಾರಕ ಹುದ್ದೆಗೆ ಹಟ ಹಿಡಿಯದೆ ಇನ್ವೆಂಟರಿ ಎಕ್ಸಿಕ್ಯೂಟಿವ್ ಆಗಿ ಸೇರುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಗೇಟಿನಲ್ಲಿ ಲಾರಿ ನಿಲ್ಲಿಸಿದ್ದವರನ್ನು ನಾವು ಮುಂದಿನ ತಿಂಗಳೇ ಒಳಗೆ ತೆಗೆದುಕೊಂಡೆವು. ಮೊದಲ ವಾರ ಹುಡುಗನೊಬ್ಬ ಅವರಿಗೆ ತಂತ್ರಾಂಶ ತೋರಿಸುತ್ತ, ಎಣಿಕೆಯಲ್ಲಿ ನಾಲ್ಕು ಪೆಟ್ಟಿಗೆ ಕಡಿಮೆ ಬಂದರೆ ಈ ಸ್ಟಾಕ್ ಅಡ್ಜಸ್ಟ್‌ಮೆಂಟ್ ಗುಂಡಿ ಒತ್ತಿದರೆ ಸಾಕು, ಸರಿಹೋಗುತ್ತದೆ ಎಂದ. ಅವರು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿ, "ಲಾಸ್ ಸ್ಟೇಟ್‌ಮೆಂಟಿಗೆ ಸಹಿ ಯಾರದಪ್ಪಾ?" ಎಂದು ಕೇಳಿದರು. ಸೈನ್ಯದಲ್ಲಿ ಕೊರತೆಯನ್ನು ಲೆಕ್ಕದಿಂದ ತೆಗೆಯಲು ಬರೆಯುವ ಕಾಗದ ಅದು. ಹುಡುಗ ನನ್ನ ಮುಖ ನೋಡಿದ. ಆ ಗುಂಡಿಗೆ ಎರಡನೆಯವರ ಅನುಮೋದನೆ ಬೇಕೆಂಬ ನಿಯಮವನ್ನು ನಾವು ತಂದದ್ದು ಅದರ ಮರುದಿನ.